ಒಪ್ಪತ್ತಿನ ದಿನದ ಮದ್ದು

ಮೊನ್ನೆ ದೇವರ ಗೂಡಿನ ಪಕ್ಕದ ಮಾಡ ಒರೆಸುತ್ತಿದ್ದೆ. ದೀಪದ ಎಣ್ಣೆಯ ಬಟ್ಟಲುಗಳ ಹಿಂದೆ ಒಂದು ಚಪ್ಪಟೆ ಸೀಸೆ ಕೈಗೆ ಸಿಕ್ಕಿತು. ಬಿರಡೆ ಕಿತ್ತೆ. ಒಳಗೆ ಏನೂ ಇರಲಿಲ್ಲ. ಆದರೂ ಓಮದ ವಾಸನೆ ಒಂದು ಎಳೆಯಷ್ಟು ಉಳಿದಿತ್ತು. ಮೂಗಿಗೆ ಹಿಡಿದೆ, ಇನ್ನೊಮ್ಮೆ ಹಿಡಿದೆ. ಮೂರನೆಯ ಸಲಕ್ಕೆ ಅದು ನಿಜವಾದ ವಾಸನೆಯೋ ನನ್ನ ನೆನಪೋ ಗೊತ್ತಾಗಲಿಲ್ಲ…

ಸೀಸೆಯ ಬೆನ್ನಿಗೆ ಬೆರಳಗಲದ ಕಾಗದದ ಪಟ್ಟಿ ಅಂಟಿಸಿತ್ತು. ನೀರುಮದ್ದು ಕೊಡುವಾಗ ಹಿಂದೆ ಹಾಗೆ ಅಂಟಿಸುತ್ತಿದ್ದರು. ಪಟ್ಟಿಯ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿರುತ್ತಿದ್ದರು. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಇಳಿದರೆ ಒಂದು ಸಲದ ಮದ್ದು. ನಮ್ಮ ಕಡೆ ಅದಕ್ಕೆ ಗೀಟು ಎನ್ನುತ್ತಿದ್ದರು. ಈ ಸೀಸೆಯ ಪಟ್ಟಿಯಲ್ಲಿ ಮಾತ್ರ ಒಂದು ಗೀಟೂ ಇಲ್ಲ. ನೆಟ್ಟಗೆ, ನುಣ್ಣಗೆ ಇದೆ. ಅದನ್ನು ಅಂಟಿಸಿದವರು ಅಜ್ಜಂಪುರದ ಆಸ್ಪತ್ರೆಯ ಕಾಂಪೌಂಡರ್ ಸಾಹೇಬರು. ಗೀಟು ಯಾಕಿಲ್ಲ ಎಂಬುದನ್ನು ಹೇಳಬೇಕಾದರೆ ನಾನು ಹೊಸ ಸೊಸೆಯಾಗಿದ್ದ ಕಾಲಕ್ಕೆ ಹೋಗಬೇಕು.

ಆಗ ನಮ್ಮವರು ಆಸ್ಪತ್ರೆಯಲ್ಲಿ ಮದ್ದು ಬೆರೆಸಿ ಕೊಡುವ ಕಾಂಪೌಂಡರ್ ಕೆಲಸಕ್ಕೆ ಓದುತ್ತಿದ್ದರು. ಬೆಂಗಳೂರಿನಲ್ಲಿ ಪುಸ್ತಕದ ಪಾಠ ಮುಗಿದಿತ್ತು. ಆರು ತಿಂಗಳು ಯಾವುದಾದರೂ ಆಸ್ಪತ್ರೆಯಲ್ಲಿದ್ದು ಕೈಕೆಲಸ ಕಲಿತು ಬಂದರೆ ಮಾತ್ರ ಕೊನೆಯ ಪರೀಕ್ಷೆ. ನಿಮ್ಮ ಸೀಮೆಯಲ್ಲಿ ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರರಲ್ಲಿ ಒಂದನ್ನು ಆರಿಸಿ ಹದಿನೈದು ದಿನದೊಳಗೆ ಬರೆಯಿರಿ ಎಂದು ಕಾಗದ ಬಂದಿತ್ತು. ನಮ್ಮದು ಅಜ್ಜಂಪುರಕ್ಕೆ ಒಂದು ಹರದಾರಿ ದೂರದ ಹಳ್ಳಿ. ಒಂದಿಷ್ಟು ಖುಷ್ಕಿ ಜಮೀನು, ಒಂದು ತೆಂಗಿನ ತೋಟ. ನಮ್ಮ ಮನೆತನದಲ್ಲಿ ಓದಿದವರೆಂದರೆ ಇವರೊಬ್ಬರೇ. ಆದ್ದರಿಂದ ಆ ಕಾಗದದ ಬಗ್ಗೆ ಮಾತಾಡುವ ಹಕ್ಕು ನನ್ನೊಬ್ಬಳನ್ನು ಬಿಟ್ಟು ಮನೆಯವರೆಲ್ಲರಿಗೂ ಇತ್ತು.

ಮಾವನವರು ಕಡೂರು ಎಂದರು. "ಅಮಲ್ದಾರ್ ಕಚೇರಿ ಇರೋ ಊರು. ದೊಡ್ಡೋರ ಕಣ್ಣಿಗೆ ಬಿದ್ರೆ ನಾಳೆ ಕೆಲಸಕ್ಕೆ ಯಾರನ್ನೂ ಕೇಳಂಗಿಲ್ಲ" ಎಂಬುದು ಅವರ ಲೆಕ್ಕ. ನಮ್ಮವರ ಮನಸ್ಸೂ ಕಡೂರಿನ ಮೇಲೇ ಇತ್ತು. ತರೀಕೆರೆಯ ಹೆಸರೆತ್ತಿದರೆ ನಾದಿನಿ ನಗುತ್ತಿದ್ದಳು. "ಹೋಗಣ್ಣ, ಹೋಗು. ಹೋಗುವಾಗ ನೆಟ್ಟಗೆ ಹೋಗ್ತೀಯ, ಬರುವಾಗ ಜ್ವರಗಡ್ಡೆ ಮುಂದಿಟ್ಕೊಂಡು ಬತ್ತೀಯ. ನಿನ್ನ ಹೆಂಡ್ತಿ ನಿನ್ನ ಹೊಟ್ಟೆಗೇ ಜೋಗುಳ ಹಾಡ್ಲಿ." ಚಳಿಜ್ವರ ಆಗ ತರೀಕೆರೆ, ಲಕ್ಕವಳ್ಳಿ, ಲಿಂಗದಹಳ್ಳಿ ಕಡೆ ಮನೆ ಮನೆಯಲ್ಲೂ ಇತ್ತು; ಬಿಡದೆ ಕಾಡಿದರೆ ಹೊಟ್ಟೆಯ ಎಡಗಡೆ ಗಡ್ಡೆ ಊದುತ್ತಿತ್ತು. ನಾನು ಒಲೆಯ ಮುಂದೆ ಕೂತು ಕೇಳಿಸಿಕೊಂಡು ತಿಮ್ಮಪ್ಪನಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ. ಎಲ್ಲಿಗಾದರೂ ಕಳಿಸು, ಅಲ್ಲಿಗೊಂದು ಬೇಡ.

ನಮ್ಮವರು ಮೊದಲು ಅಜ್ಜಂಪುರಕ್ಕೆ ಹೋಗಿ ನೋಡಿ ಬಂದರು. ಹತ್ತಿರದಲ್ಲಿದೆ, ನೋಡಲಿಲ್ಲ ಎನ್ನಬಾರದು ಎಂದು. ಬಂದವರೇ ಜಗಲಿಯ ಮೇಲೆ ಕೂತು ನಕ್ಕರು.

"ಎರಡು ಬೀರು, ಒಂದು ತಕ್ಕಡಿ, ಒಬ್ಬ ಮುದುಕ ಕಾಂಪೌಂಡರು. ಮದ್ದಿನ ಮೇಜಿನ ಮೇಲೆ ಏನು ನೇತು ಹಾಕವ್ರೆ ಗೊತ್ತೇನವ್ವಾ? ಪಂಚಾಂಗ."

"ಅವರು ಸಾಬರಲ್ವೇನೋ? ಸಾಬರಿಗೆ ಪಂಚಾಂಗ ಯಾಕೋ?" ಎಂದರು ನಮ್ಮತ್ತೆ.

"ಮದ್ದು ಕೊಡೋಕೆ ರಾಹುಕಾಲ ನೋಡ್ತಾರೇನೋ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ.

ಆಮೇಲೆ ಕಡೂರಿಗೆ ಹೋದರು. ಎರಡು ದಿನ ಇದ್ದು ಬಂದರು. ಅಲ್ಲಿಯ ಅಚ್ಚುಕಟ್ಟು, ಸಾಲು ಸಾಲು ಗಾಜಿನ ಭರಣಿಗಳು, ಹೇಳಿ ಮುಗಿಯಲಿಲ್ಲ. ಹಿಂದಿನ ತಿಂಗಳು ಲಿಂಗದಹಳ್ಳಿ ಕಡೆಯ ತಮ್ಮ ತಂಗಿಯ ಮನೆಗೆ ಹೋಗಿ ಬಂದಿದ್ದ ನಮ್ಮತ್ತೆಗೆ, ಇವರು ಕಡೂರಿಗೆ ಹೊರಡುವ ಹೊತ್ತಿಗೇ ಚಳಿಜ್ವರ ಹಿಡಿದಿತ್ತು. ಕಡೂರಿನಲ್ಲಿ ಹಿರಿಯ ಕಾಂಪೌಂಡರರ ಎದುರಿಗೇ ನಮ್ಮವರು ತಮ್ಮ ಕೈಯಾರೆ ಕ್ವಿನೈನ್ ಮದ್ದು ಬೆರೆಸಿ, ಪಟ್ಟಿಯನ್ನೂ ತಾವೇ ಕತ್ತರಿಸಿ ಅಂಟಿಸಿ ತಂದಿದ್ದರು. ಗೀಟುಗಳು ಎಷ್ಟು ಸಮವಾಗಿದ್ದವೆಂದರೆ ಅಳೆದು ನೋಡಿದರೂ ಕೂದಲೆಳೆ ವ್ಯತ್ಯಾಸವಿಲ್ಲ. ಸೀಸೆಯನ್ನು ತಾಯಿಯ ಕೈಗಿಟ್ಟು ಹೇಳಿದರು:

"ಊಟಕ್ಕೊಂದು ಗೀಟು. ಊಟ ಆದ್ಮೇಲೇ ಕುಡೀಬೇಕು. ಬರೀ ಹೊಟ್ಟೇಲಿ ಕೂಡದು. ದಿನಕ್ಕೆ ಮೂರು. ತಪ್ಪಿಸ್ಬೇಡ."

ಅದು ಗುರುವಾರ. ಅದೇ ದಿನ 'ಕಡೂರು' ಎಂದು ಆರಿಸಿ ಉತ್ತರ ಬರೆದರು. ಟಪಾಲಿಗೆ ಹಾಕುವ ಮೊದಲು ಮೂರು ದಿನ ದೇವರ ಮುಂದೆ ಇರಲಿ, ಸೋಮವಾರ ಕಳಿಸೋಣ ಎಂದು ಅತ್ತೆ ಅದನ್ನು ನನ್ನ ಕೈಲಿ ದೇವರ ಗೂಡಿನಲ್ಲಿ ಇಡಿಸಿದರು. ಅದೊಂದು ಪುಣ್ಯ. ಆವತ್ತೇ ಹಾಕಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ.

ಶುಕ್ರವಾರ ಮೂರು ಹೊತ್ತೂ ಅತ್ತೆ ಮುಖ ಕಿವುಚಿಕೊಂಡು ಕುಡಿದರು. ಶನಿವಾರ ಬಂತು. ಶನಿವಾರ ನಮ್ಮ ಮನೆಯಲ್ಲಿ ಹೆಂಗಸರಿಗೆ ಒಪ್ಪತ್ತು. ಮಧ್ಯಾಹ್ನ ಒಂದೇ ಊಟ. ಬೆಳಿಗ್ಗೆ ಏನೂ ಇಲ್ಲ. ರಾತ್ರಿ ಒಂದು ಹಿಡಿ ಅವಲಕ್ಕಿ, ಒಂದು ಲೋಟ ಹಾಲು. ಅದು ಫಲಾಹಾರ, ಅದನ್ನು ಊಟ ಎಂದರೆ ನಮ್ಮತ್ತೆ ಕೆಂಗಣ್ಣು ಬಿಡುತ್ತಿದ್ದರು. ಜ್ವರವಿದೆ, ಈ ವಾರ ಬಿಡಿ ಎಂದರೆ ಕೇಳುವವರಲ್ಲ.

ಪೂಜೆ ಮುಗಿಸಿ, ಊಟ ಮುಗಿಸಿ, ಸೀಸೆ ತಾ ಎಂದರು. ತಂದೆ. ಒಂದು ಗೀಟು ಬಗ್ಗಿಸಿದೆ. "ಇನ್ನೂ ಹಾಕು" ಎಂದರು. ಎರಡಾಯಿತು. "ಇನ್ನೂ."

"ಅತ್ತೆ, ಒಟ್ಟಿಗೇ ಮೂರಾ?"

"ಊಟಕ್ಕೊಂದು, ದಿನಕ್ಕೆ ಮೂರು ಅಂದವ್ನೆ. ಇವತ್ತು ಊಟ ಒಂದೇ. ಮಿಕ್ಕ ಎರಡನ್ನ ನಿಮ್ಮಪ್ಪನ ಮನೆಗೋಗಿ ಉಂಡು ಕುಡೀಲೇನೇ? ಬಗ್ಗಿಸು."

ಬಗ್ಗಿಸಿದೆ. ನನಗೂ ಅದು ಸರಿಯೆಂದೇ ಕಂಡಿತು. ಮಗ ಅಷ್ಟು ಕಷ್ಟಪಟ್ಟು ಬೆರೆಸಿ ತಂದ ಮದ್ದನ್ನು ತಪ್ಪಿಸಬಾರದು. ತಿಮ್ಮಪ್ಪನ ಒಪ್ಪತ್ತನ್ನೂ ಕೆಡಿಸಬಾರದು. ಎರಡೂ ಉಳಿಯಿತಲ್ಲ ಎಂದು ಅತ್ತೆ ನೆಮ್ಮದಿಯಿಂದ ಬಾಯಿಗೆ ಬೆಲ್ಲದ ಚೂರು ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆಲ್ಲ ಕಿವಿಯಲ್ಲಿ ಜೀರುಂಡೆ ಕೂತ ಹಾಗಾಗುತ್ತದೆ ಎಂದರು. ಆಮೇಲೆ ವಾಂತಿ. ಆಮೇಲೆ ನಾನು ಎದುರಿಗೆ ನಿಂತು ಕೂಗಿದರೂ "ಏನಂದೆ, ಏನಂದೆ" ಎಂದು ನನ್ನ ಬಾಯನ್ನೇ ನೋಡತೊಡಗಿದರು. ತೋಟದಿಂದ ನಮ್ಮವರು ಓಡಿ ಬಂದರು. ಮೊದಲು ತಾಯಿಯ ಮುಖ ನೋಡಿದರು, ಆಮೇಲೆ ಸೀಸೆ ನೋಡಿದರು. ಬೆಳಿಗ್ಗೆ ಇದ್ದುದಕ್ಕಿಂತ ಮೂರು ಗೀಟು ಕೆಳಗೆ. ಅವರ ಮುಖದ ಬಣ್ಣ ಹೋದದ್ದು ನನಗೆ ಈಗಲೂ ಕಾಣುತ್ತದೆ. ಯಾರನ್ನೂ ಬೈಯಲಿಲ್ಲ. ಗಾಡಿ ಕಟ್ಟಿ ಎಂದಷ್ಟೇ ಅಂದರು.

ಅಜ್ಜಂಪುರ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಡಾಕ್ಟರು ಕ್ಯಾಂಪಿಗೆ ಹೋಗಿದ್ದರು. ಇದ್ದದ್ದು ಕಾಂಪೌಂಡರ್ ಸಾಹೇಬರೊಬ್ಬರೇ. ಬೆಳ್ಳಗಿನ ಗಡ್ಡ, ಒಗೆದು ಒಗೆದು ತೆಳ್ಳಗಾದ ಕೋಟು, ಮೂಗಿನ ತುದಿಗೆ ಜಾರಿದ ಕನ್ನಡಕ. ನಾನು ಅವರನ್ನು ನೋಡಿದ್ದು ಅದೇ ಮೊದಲು. ನಮ್ಮವರು ಸೀಸೆ ಮುಂದೆ ಹಿಡಿದು, ಮೂರು ಗೀಟು ಇಳಿದ ಜಾಗವನ್ನು ಬೆರಳಿಟ್ಟು ತೋರಿಸಿದರು. ಸಾಹೇಬರು ಸೀಸೆ ತೆಗೆದುಕೊಂಡು ಒಂದು ಸಲ ಮೂಸಿದರು. ಅತ್ತೆಯ ನಾಡಿ ಹಿಡಿದು ನೋಡಿದರು. ಆಮೇಲೆ ತಲೆಯೆತ್ತಿ ಗೋಡೆಯ ಮೇಲಿನ ಪಂಚಾಂಗ ನೋಡಿದರು. ಅತ್ತೆಯ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಕೇಳಿದರು:

"ತಾಯೀ, ಇವತ್ತು ಒಪ್ಪತ್ತಾ?"

ಅಷ್ಟು ಹೊತ್ತು ಯಾರ ಮಾತೂ ಕೇಳಿಸದಿದ್ದ ಅತ್ತೆಗೆ ಅದು ಕೇಳಿಸಿತು. "ಹೂಂ ಕಣಪ್ಪ. ತಿಮ್ಮಪ್ಪಂದು."

"ಒಂದೇ ಊಟ. ಅದಕ್ಕೇ ಮೂರೂ ಒಟ್ಟಿಗೆ ಆಯ್ತು."

"ಇನ್ನೇನು ಮಾಡ್ಲಪ್ಪ. ಸೊಸೆ ಬಗ್ಗಿಸ್ಕೊಟ್ಲು."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಸಾಹೇಬರು ನನ್ನ ಕಡೆ ಕೈ ತೋರಿಸಿ, "ಒಳ್ಳೇ ಸೊಸೆ ಕಣ್ರೀ. ಮೂರಕ್ಕೇ ನಿಲ್ಲಿಸವ್ಳೆ. ಭಾನುವಾರದ್ದೂ ಸೇರಿಸಿ ಕುಡಿಸ್ಲಿಲ್ಲ" ಎಂದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಸೆರಗು ಬಾಯಿಗೆ ಒತ್ತಿಕೊಂಡೆ. "ವಾಂತಿ ಆಗಿದ್ದು ಒಳ್ಳೇದೇ ಆಯ್ತು. ಹೆದರ್ಬೇಡ ಮಗಾ. ಜೀರುಂಡೆ ನಾಳೆ ಹೊತ್ತಿಗೆ ತಾನೇ ಹಾರ್ಹೋಗುತ್ತೆ. ಇವತ್ತು ಇಲ್ಲೇ ಮಲಗ್ಲಿ, ನನ್ನ ಕಣ್ಣ ಮುಂದೆ ಇರ್ಲಿ."

ಹಾಲು ಕುಡಿಸಬೇಕು ಎಂದರು. ಅತ್ತೆ ನನ್ನ ಮುಖ ನೋಡಿದರು. ಆ ನೋಟದ ಅರ್ಥ ನನಗೆ ಗೊತ್ತಾಯಿತು, ಸಾಹೇಬರಿಗೂ ಗೊತ್ತಾಯಿತು. "ಹಾಲು ಎದುರುಮನೆ ಗೌಡರದ್ದು ತಾಯೀ. ಲೋಟಾನೂ ಅವರದ್ದೇ. ನಿಮ್ಮ ಸೊಸೇನೇ ಹೋಗಿ ತರ್ಲಿ" ಎಂದು ಅಷ್ಟೇ ಸಹಜವಾಗಿ ಹೇಳಿ ಒಳಗೆ ಹೋದರು. ನಾವು ಕೇಳುವ ಮೊದಲೇ ನಮ್ಮ ಸಂಕೋಚವನ್ನು ಅವರೇ ಹೊತ್ತುಕೊಂಡಿದ್ದರು. ಆಗ ಅದು ನನಗೆ ಅನುಕೂಲವಾಗಿ ಕಂಡಿತು. ಈಗ ನೆನೆದರೆ ಸ್ವಲ್ಪ ನಾಚಿಕೆಯಾಗುತ್ತದೆ…

ಭಾನುವಾರ ಬೆಳಿಗ್ಗೆ ಅತ್ತೆ ಎದ್ದು ಕೂತು, "ಆ ಕಾಗೆ ಯಾಕೆ ಹಂಗೆ ಅರಚ್ಕೋತದೆ" ಎಂದರು. ಕಾಗೆಯ ಕೂಗು ಅಷ್ಟು ಇಂಪಾಗಿ ನಾನು ಯಾವತ್ತೂ ಕೇಳಿಲ್ಲ.

ನಮ್ಮವರು ಮದ್ದಿನ ಮೇಜಿನ ಹತ್ತಿರ ಹೋಗಿ ನಿಂತರು. ನಾನು ಬಾಗಿಲ ಮರೆಯಲ್ಲಿದ್ದೆ. ಆ ಸೀಸೆ ಮೇಜಿನ ಮೇಲಿತ್ತು.

"ಗೀಟು ಚೆನ್ನಾಗಿ ಹಾಕಿದ್ದೀಯಪ್ಪ" ಎಂದರು ಸಾಹೇಬರು. "ನನ್ನ ಕೈಲಿ ಈಗ ಇಷ್ಟು ಸಮ ಬರಲ್ಲ. ಬೆರೆಸಿದ್ದೂ ಸರಿಯಾಗೇ ಇದೆ. ಊಟ ಎಣಿಸಿದ್ದು ಮಾತ್ರ ತಪ್ಪು. ಒಪ್ಪತ್ತಿನ ದಿನ ಒಂದೇ ಗೀಟು ಅಂತ ಹೇಳ್ಬೇಕಿತ್ತು."

"ನಾನು ಇಲ್ಲೇ ಕಲಿಯೋಕೆ ಬತ್ತೀನಿ ಸಾಹೇಬ್ರೇ. ಕಡೂರು ಬೇಡ."

ಅವರು ತಕ್ಕಡಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಇಲ್ಲಿ ಕಲಿಯೋದು ಒಂದೇ ಮಾತಿತ್ತು. ಅದನ್ನ ನಿನ್ನೆ ಕಲ್ತೆ. ಅದಕ್ಕೆ ಆರು ತಿಂಗಳು ಬೇಕಾ? ಮೂರು ಊರು ಕೊಟ್ಟವ್ರಲ್ಲ, ಇನ್ನೊಂದು ಯಾವುದು?"

ನಮ್ಮವರು ಮೆಲ್ಲಗೆ ಹೇಳಿದರು. "ತರೀಕೆರೆ."

ಬಾಗಿಲ ಮರೆಯಲ್ಲಿ ನಾನು ಮತ್ತೆ ತಿಮ್ಮಪ್ಪನಿಗೆ ಕೈ ಮುಗಿದೆ.

"ಅಲ್ಲಿಗೋಗು. ಕಡೂರಿಗೆ ಹೋಗೋಕೆ ಬೇಕಾದಷ್ಟು ಜನ ಇದ್ದಾರೆ. ತರೀಕೆರೆ ಕಡೆ ಪ್ರತಿ ಮನೇಲೂ ಈ ಕ್ವಿನೈನ್ ಸೀಸೆ ಇದೆ. ಶನಿವಾರ, ಸೋಮವಾರ, ಏಕಾದಶಿ, ನಮ್ಮೋರಿಗೆ ರೋಜಾ, ಒಂದಲ್ಲ ಒಂದು ಇದ್ದೇ ಇರುತ್ತೆ. ನಿಮ್ಮಮ್ಮ ಮಾಡಿದ್ದನ್ನ ಅಲ್ಲಿ ಎಷ್ಟೋ ಜನ ಮಾಡ್ತಾರೆ. ಒಂದು ಸಲ ತಪ್ಪಿ ಹೆದರಿದೋನು ಇರ್ಬೇಕು ಅಲ್ಲಿ. ಹೆದರದೇ ಇರೋನು ಊಟ ಆದ್ಮೇಲೆ ಅಂತ ಹೇಳಿ ಕಳಿಸ್ಬಿಡ್ತಾನೆ."

ನಮ್ಮವರು ಪಂಚಾಂಗದ ಕಡೆ ನೋಡಿದರು. "ಇದನ್ನ ನೋಡಿ ನಾನು ಊರಿಗೆ ಹೋಗಿ ನಕ್ಕಿದ್ದೆ."

"ಎಲ್ಲಾರೂ ನಗ್ತಾರೆ. ನಗ್ಲಿ ಬಿಡು." ತಕ್ಕಡಿಯ ಬಟ್ಟಲು ಒರೆಸುತ್ತ ಅವರು ದನಿ ತಗ್ಗಿಸಿದರು. "ನಾನೂ ನಿನ್ನ ಹಾಗೇ ಹೊಸದರಲ್ಲಿ ಮನೆಗೆ ಮದ್ದು ತಗೊಂಡೋದೆ. ರಂಜಾನ್ ತಿಂಗಳು. ಹಗಲೆಲ್ಲಾ ಉಪವಾಸ, ಸಂಜೆ ಒಂದೇ ಸಲ… ಕ್ವಿನೈನ್ ಅಲ್ಲ ಅದು, ಬೇರೆ. ನಿಮ್ಮಮ್ಮ ಎದ್ದು ಕೂತ್ಲು. ನಮ್ಮಮ್ಮ ಏಳ್ಲಿಲ್ಲ."

ಹೊರಗೆ ಯಾರೋ ಬಂದು ಸೀಸೆ ಚಾಚಿದರು. ಸಾಹೇಬರು ಕನ್ನಡಕ ಮೇಲೇರಿಸಿ, ಮೊದಲ ಮಾತಾಗಿ, "ಏನವ್ವ, ಈ ವಾರ ಒಪ್ಪತ್ತು ಯಾವತ್ತು?" ಎಂದು ಕೇಳಿದರು.

ಮನೆಗೆ ಬಂದಮೇಲೆ ನಮ್ಮವರು ದೇವರ ಗೂಡಿನಿಂದ ಕಾಗದ ತೆಗೆದರು. ಅದನ್ನು ಹರಿದು ಹೊಸದು ಬರೆದರು. ಮಾವನವರು ಸಿಟ್ಟಿನಿಂದ ಕುಣಿದಾಡಿಬಿಟ್ಟರು. "ಸಾಬ ಏನೋ ಮಾಟ ಮಾಡ್ಬಿಟ್ಟವ್ನೆ. ಕಡೂರು ಬಿಟ್ಟು ಜ್ವರದ ಬಾಯಿಗೆ ಹೋಗ್ತಾನಂತೆ." ನಾದಿನಿಗೆ ಈ ಸಲ ತಮಾಷೆ ಬರಲಿಲ್ಲ, ನನ್ನ ಪಕ್ಕ ಬಂದು ಕೂತಳು. ನಾನು ಮಾತಾಡಲಿಲ್ಲ. ಮಾತಾಡಿದ್ದರೆ ಮಾವನವರಿಗಿಂತ ಜೋರಾಗಿ ಮಾತಾಡುತ್ತಿದ್ದೆ. ಸಾಹೇಬರ ತಾಯಿಯ ಕಥೆ ಕೇಳಿ ನನ್ನ ಕಣ್ಣಲ್ಲಿ ನೀರು ಬಂದಿತ್ತು, ನಿಜ. ಆದರೆ ನನ್ನ ಗಂಡನನ್ನೇ ಯಾಕೆ ಕಳಿಸಬೇಕು? ಆ ಸಿಟ್ಟನ್ನು ನಾನು ಬಹಳ ಕಾಲ ಒಳಗೇ ಇಟ್ಟುಕೊಂಡಿದ್ದೆ.

ಕೊನೆಗೆ ತೀರ್ಮಾನ ಮಾಡಿದವರು ನಮ್ಮತ್ತೆ. ಗೋಡೆಗೊರಗಿ ಕೂತಿದ್ದವರು ಒಂದೇ ಮಾತು ಅಂದರು.

"ಹೋಗ್ಲಿ ಬಿಡಿ. ಲಿಂಗದಹಳ್ಳಿ ಕಡೆ ನನ್ನ ತಂಗಿ ಅವಳೆ. ಅವಳೂ ಶನಿವಾರ ಒಪ್ಪತ್ತು."

ಸೋಮವಾರ ಕಾಗದ ಟಪಾಲಿಗೆ ಹೋಯಿತು.

ತರೀಕೆರೆಯಲ್ಲಿ ಆರು ತಿಂಗಳು ಕಳೆದರು. ಎರಡು ಸಲ ಜ್ವರ ಬಂತು. ಪ್ರತಿ ಸಲವೂ ಸುದ್ದಿ ಬಂದಾಗ ನಾನು ತಿಮ್ಮಪ್ಪನಿಗೆ ಹರಕೆ ಹೊತ್ತೆ, ಸಾಹೇಬರಿಗೆ ಮನಸ್ಸಿನಲ್ಲೇ ನಾಲ್ಕು ಮಾತು ಅಂದೆ. ಜ್ವರ ಬಿಟ್ಟಿತು. ಜ್ವರಗಡ್ಡೆ ಆಗಲಿಲ್ಲ. ನಾದಿನಿ ಅವರ ಹೊಟ್ಟೆ ನೋಡಿ ನೋಡಿ ನಿರಾಶೆಯಾದಳು. ಪರೀಕ್ಷೆಯಾಯಿತು, ಕೆಲಸವೂ ಅದೇ ಊರಿನಲ್ಲಿ ಸಿಕ್ಕಿತು. ನಾನು ಪಾತ್ರೆ ಪಡಗ ಕಟ್ಟಿಕೊಂಡು ಹೋದೆ. ಹೋದ ಹೊಸತರಲ್ಲಿ ಒಂದು ದಿನ ಆಸ್ಪತ್ರೆಗೆ ಬುತ್ತಿ ಕೊಡಲು ಹೋದಾಗ ಕಂಡೆ: ಮದ್ದಿನ ಮೇಜಿನ ಮೇಲೆ, ಬೀರುವಿನ ಪಕ್ಕ, ಮೊಳೆಗೆ ನೇತು ಹಾಕಿದ ಪಂಚಾಂಗ. ಸಾಲಿನಲ್ಲಿ ನಿಂತವರಲ್ಲಿ ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು. "ಈ ಕಾಂಪೌಂಡ್ರು ಜಾತಕಾನೂ ನೋಡ್ತಾರಂತೆ ಕಣೇ." ನಾನು ನಕ್ಕು ಸುಮ್ಮನಾದೆ. ಆದರೆ ಆ ದಿನದಿಂದ ಸಿಟ್ಟು ಒಂದೊಂದೇ ಗೀಟು ಇಳಿಯತೊಡಗಿತು.

ಮೊದಲ ಹೆರಿಗೆ ತರೀಕೆರೆಯಲ್ಲೇ ಆಯಿತು. ಮಗು ಚೆನ್ನಾಗಿತ್ತು, ನಾನೂ ಚೆನ್ನಾಗಿದ್ದೆ. ಆ ಕಾಲಕ್ಕೆ ಎರಡೂ ಒಟ್ಟಿಗೆ ಆಗುವುದು ಸಣ್ಣ ಕೃಪೆಯಲ್ಲ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಅಜ್ಜಂಪುರದಿಂದ ಬಂದ ಪರಿಚಯದವರೊಬ್ಬರು ಬಟ್ಟೆಯಲ್ಲಿ ಸುತ್ತಿದ ಒಂದು ಸೀಸೆ ಕೊಟ್ಟು ಹೋದರು. ಓಮದ ನೀರು. ನಮ್ಮ ಕಡೆ ಬಾಣಂತಿಗೆ ಕೊಡುವುದೇ ಅದು. ಸಾಹೇಬರೇ ಇಳಿಸಿ ಕಳಿಸಿದ್ದರು. ಪಟ್ಟಿ ಅಂಟಿಸಿತ್ತು, ಗೀಟಿರಲಿಲ್ಲ. ನಮ್ಮವರು ಸೀಸೆ ತಿರುಗಿಸಿ ತಿರುಗಿಸಿ ನೋಡಿ, "ಮುದುಕರಿಗೆ ಮರೆವು ಬಂತು" ಎಂದರು. ತಂದವರು ಹೋಗುವ ಮುನ್ನ ಹೊಸಿಲ ಹತ್ತಿರ ನಿಂತು, "ಒಂದು ಮಾತು ಹೇಳು ಅಂದಿದ್ರು, ಮರ್ತಿದ್ದೆ" ಎಂದರು. "ಬಾಣಂತಿಗೆ ಒಪ್ಪತ್ತೂ ಇಲ್ಲ, ಗೀಟೂ ಇಲ್ಲ ಅಂತ ಆ ಹುಡುಗಿಗೆ ಹೇಳು ಅಂದ್ರು."

ಆ ಹುಡುಗಿ ಎಂದರೆ ನಾನು. ಮೂರು ಗೀಟು ಬಗ್ಗಿಸಿಕೊಟ್ಟವಳು. ನಾನು ಆ ಶನಿವಾರವನ್ನು ಅದುವರೆಗೂ ಒಳಗೇ ಹೊತ್ತು ತಿರುಗುತ್ತಿದ್ದೆ ಎಂಬುದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಅಷ್ಟು ದೂರದಲ್ಲಿ ಕೂತು ಅವರಿಗೆ ಗೊತ್ತಿತ್ತು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟೆ. ಎದೆ ಹಗುರಾಯಿತು.

ಒಂದು ಸಲ ಅಜ್ಜಂಪುರಕ್ಕೆ ಹೋಗಬೇಕು, ಮಗುವನ್ನು ತೋರಿಸಬೇಕು, ಎರಡು ಮಾತು ಹೇಳಬೇಕು ಎಂದುಕೊಂಡೆ. ಮುಂದಿನ ಸುಗ್ಗಿಗೆ ಹೋಗೋಣ, ಮಗುವಿಗೆ ಹಲ್ಲು ಬರಲಿ, ಎರಡನೆಯದು ಹುಟ್ಟಲಿ… ಹೀಗೇ ಆಯಿತು. ಒಮ್ಮೆ ನಮ್ಮವರು ಊರಿಗೆ ಹೋದವರು ಆಸ್ಪತ್ರೆಯ ಕಡೆ ಹೋಗಿ ಬಂದರು. ಬಂದು ಪೇಟ ತೆಗೆದಿಟ್ಟು ನನ್ನ ಎದುರಿಗೆ ಕೂತರು. ಮೇಜಿನ ಹತ್ತಿರ ಬೇರೆ ಯಾರೋ ಇದ್ದರಂತೆ. ಸಾಹೇಬರು ತೀರಿಕೊಂಡು ನಾಲ್ಕು ತಿಂಗಳಾಗಿತ್ತಂತೆ. ಗೋಡೆಯಲ್ಲಿ ಮೊಳೆ ಮಾತ್ರ ಇತ್ತು ಎಂದರು.

ನಾನು ಹೇಳಬೇಕೆಂದಿದ್ದ ಎರಡು ಮಾತು ನನ್ನಲ್ಲೇ ಉಳಿದವು.

ಸೀಸೆಯನ್ನು ಹೊರಗಿನಿಂದ ಮಾತ್ರ ಒರೆಸಿ, ಪಟ್ಟಿಗೆ ನೀರು ತಾಗದ ಹಾಗೆ ಅದೇ ಮಾಡದಲ್ಲಿಟ್ಟೆ. ನಮ್ಮತ್ತೆ ಹೋಗಿ ಎಷ್ಟೋ ವರ್ಷವಾಯಿತು. ಅವರ ಶನಿವಾರ ಈಗ ನನ್ನದು. ನಮ್ಮವರು ಕೆಲಸ ಬಿಟ್ಟು ಜಗಲಿಯ ಮೇಲೆ ಕೂರುವವರಾಗಿದ್ದಾರೆ. ಕಿವಿ ಸ್ವಲ್ಪ ಮಂದ. ನನಗೊಂದು ಕೆಮ್ಮು ಹಿಡಿದಿದೆ, ಆಸ್ಪತ್ರೆಯಿಂದ ಸೀಸೆ ತಂದಿದ್ದೇವೆ. ಅದರ ಮೈಮೇಲೆ ಪಟ್ಟಿಯ ಬದಲು ಅಚ್ಚಿನ ಗೆರೆಗಳಿವೆ; ನಮಗೆ ಅವೂ ಗೀಟುಗಳೇ. ಕೊಟ್ಟವರು ಒಳ್ಳೆಯವರೇ, ನಯವಾಗಿಯೇ ಹೇಳಿದರು, ಊಟ ಆದಮೇಲೆ ಮೂರು ಹೊತ್ತು ಎಂದು. ವಾರ ಕೇಳಲಿಲ್ಲ.

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಸೀಸೆಗೆ ಕೈ ಹಾಕಿದೆ. ಸೀಸೆ ಲೋಟಕ್ಕೆ ತಾಗಿದ ಸದ್ದು ಜಗಲಿಯವರೆಗೆ ಕೇಳಿರಲಾರದು. ಆದರೂ ಅಲ್ಲಿಂದ ದನಿ ಬಂತು.

"ಲೇ, ಇವತ್ತು ಒಪ್ಪತ್ತೇನೇ?"

ಮಾತು ಸಾಹೇಬರದು. ಕೇಳುವ ದನಿ ಈಗ ಇವರದು. ಇವರ ನಂತರ ಯಾರದೋ, ಗೊತ್ತಿಲ್ಲ.

"ಹೌದು, ಒಪ್ಪತ್ತು" ಎಂದೆ, ಕೇಳಿಸುವ ಹಾಗೆ ಗಟ್ಟಿಯಾಗಿ. ಒಂದೇ ಗೀಟು ಬಗ್ಗಿಸಿಕೊಂಡೆ.